ತೊಟ್ಟಿಲ ಕೂಸಿಗೊಂದು ರಕ್ಷೆ

ನಿನ್ನೆ ತೊಟ್ಟಿಲಲ್ಲಿ ಕೈಕಾಲು ಬಡಿದು ನಗುತ್ತಿದ್ದ ಕೂಸು, ಇಂದು ವಾಂತಿ-ಭೇದಿಯಿಂದ ಬಾಡಿ, ಕಣ್ಣು ಗುಳಿಬಿದ್ದು, ಅಳಲೂ ತ್ರಾಣವಿಲ್ಲದೆ ಮಲಗಿದುದನ್ನು ಕಂಡ ತಾಯಂದಿರು ನಮ್ಮ ನಾಡಿನಲ್ಲಿ ಅಸಂಖ್ಯ. ಎಳೆಯ ಮಕ್ಕಳ ಇಂಥ ತೀವ್ರ ಭೇದಿಗೆ ಪ್ರಮುಖ ಕಾರಣ ರೋಟಾ ವೈರಸ್. ಶುಚಿತ್ವವೊಂದರಿಂದಲೇ ಇದನ್ನು ತಡೆಯಲಾಗದು; ಲಸಿಕೆಯೂ ಬೇಕು.

2006ರಲ್ಲಿ ವಿದೇಶೀ ಕಂಪನಿಗಳ ಎರಡು ಲಸಿಕೆಗಳು ಜಗತ್ತಿನ ಹಲವೆಡೆ ಬಳಕೆಗೆ ಬಂದವು. ಆದರೆ ಅವುಗಳ ಬೆಲೆ ಬಡವರ ಕೈಗೆಟುಕುವಂತಿರಲಿಲ್ಲ. ಪರಿಹಾರದ ಬೀಜವು ನಮ್ಮ ದೇಶದಲ್ಲಿಯೇ ಇದ್ದಿತು. 1985-86ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಡಾ. ಮಹಾರಾಜ್ ಕಿಶನ್ ಭಾನ್ ಮತ್ತು ಸಂಗಡಿಗರು, ರೋಟಾ ವೈರಸ್ ತಗಲಿಯೂ ಭೇದಿಯಾಗದ ನವಜಾತ ಶಿಶುಗಳನ್ನು ಗಮನಿಸಿದರು. ಆ ಸೌಮ್ಯ ವೈರಸ್ಸೇ '116ಇ' ತಳಿ. ಬೆಂಗಳೂರಿನ ನವಜಾತ ಶಿಶುಗಳಲ್ಲಿಯೂ ಇಂಥದೇ ಇನ್ನೊಂದು ತಳಿ ದೊರೆಯಿತು. ಎರಡನ್ನೂ ಪರೀಕ್ಷಿಸಿದಾಗ, ನಿರೋಧಕ ಶಕ್ತಿಯನ್ನು ಹೆಚ್ಚು ಉದ್ದೀಪಿಸಿದ ದೆಹಲಿಯ ತಳಿಯನ್ನು ಆರಿಸಲಾಯಿತು.

ಕೇಂದ್ರ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆ, ಹೈದರಾಬಾದಿನ ಭಾರತ್ ಬಯೋಟೆಕ್ ಹಾಗೂ ವಿದೇಶೀ ಸಂಸ್ಥೆಗಳು ಕೈಗೂಡಿಸಿದವು. ಒಂದು ಡೋಸಿನ ಬೆಲೆ ಒಂದು ಡಾಲರನ್ನು ಮೀರಬಾರದೆಂಬುದು ಸಂಕಲ್ಪ. ದೆಹಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಶಿಶುಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಮೊದಲ ವರ್ಷದಲ್ಲಿ ರೋಟಾ ವೈರಸ್ಸಿನ ತೀವ್ರ ಭೇದಿ ಸುಮಾರು ಶೇಕಡಾ 56ರಷ್ಟು ತಗ್ಗಿತು. ಇದು ಸಂಪೂರ್ಣ ರಕ್ಷಣೆಯಲ್ಲ, ನಿಜ. ಆದರೆ ಆಸ್ಪತ್ರೆಯೇ ದೂರವಿರುವ ಹಳ್ಳಿಯಲ್ಲಿ, ಅಪಾಯವು ಅರ್ಧಕ್ಕಿಂತ ಹೆಚ್ಚು ಇಳಿಯುವುದು ಸಾಮಾನ್ಯ ಸಂಗತಿಯೇ?

'ರೋಟಾವ್ಯಾಕ್' ಎಂಬ ಹೆಸರಿನ ಈ ಲಸಿಕೆಗೆ 2014ರಲ್ಲಿ ಪರವಾನಗಿ ದೊರೆಯಿತು. 2016ರಲ್ಲಿ ಆಂಧ್ರಪ್ರದೇಶ, ಹರಿಯಾಣ, ಹಿಮಾಚಲ ಪ್ರದೇಶ, ಒಡಿಶಾಗಳಲ್ಲಿ ಸರಕಾರವು ಇದನ್ನು ಉಚಿತವಾಗಿ ನೀಡತೊಡಗಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಲಭಿಸಿ, ಅನ್ಯದೇಶಗಳ ಬಡ ಮಕ್ಕಳಿಗೂ ದಾರಿ ತೆರೆಯಿತು. ಮೊದಲ ಶೋಧದಿಂದ ಇಲ್ಲಿಯವರೆಗೆ ಮೂವತ್ತು ವರ್ಷಗಳಿಗೂ ಮೀರಿದ ತಾಳ್ಮೆಯ ದುಡಿಮೆಯಿದು.

ಇಂದು ನಮ್ಮ ರಾಜ್ಯದಲ್ಲಿಯೂ ರೋಟಾ ಲಸಿಕೆಯನ್ನು ಕೂಸಿನ 6, 10 ಮತ್ತು 14ನೆಯ ವಾರಗಳಲ್ಲಿ ಬಾಯಿಗೆ ಹಾಕುತ್ತಾರೆ, ಸೂಜಿಯ ನೋವಿಲ್ಲ. ಆದರೂ ಎಲ್ಲ ಭೇದಿಗೂ ಇದು ತಡೆಯಲ್ಲವಾದುದರಿಂದ, ಎದೆಹಾಲು, ಶುದ್ಧ ನೀರು, ಓಆರ್‌ಎಸ್ ದ್ರಾವಣಗಳನ್ನು ಮರೆಯುವಂತಿಲ್ಲ. ಬಾಣಂತಿಯಿರುವ ಮನೆಯ ಹಿರಿಯರು ಈ ಮೂರು ದಿನಗಳನ್ನು ಪಂಚಾಂಗದಲ್ಲಿ ಗುರುತಿಸಿಡಲಿ. ತೊಟ್ಟಿಲ ನಗೆಯನ್ನು ಕಾಯುವ ಹೊಣೆ ಮನೆಯವರೆಲ್ಲರದು.