ಟ್ರೌಟ್‌ಬೆಕ್ಕಿನ ಕಲ್ಲುಮನೆ

ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿರುವ ಸರೋವರ ಪ್ರಾಂತದ ಟ್ರೌಟ್‌ಬೆಕ್ ಗ್ರಾಮದ ದಕ್ಷಿಣದ ಕೊನೆಯಲ್ಲಿ ಸುಣ್ಣ ಬಳಿದು ನಿಂತಿರುವ ಟೌನ್‌ಎಂಡ್ ಎಂಬ ಮನೆ ಯಾವ ಪ್ರಭುವಿನ ಸೌಧವೂ ಅಲ್ಲ. ಕುರಿ ಸಾಕಿ, ಹೊಲ ಉತ್ತು, ತಲೆಮಾರುಗಳ ಕಾಲ ಒಂದೇ ನೆಲವನ್ನು ನಂಬಿ ಬಾಳಿದ ಬ್ರೌನ್ ಮನೆತನದ ರೈತರ ನಿವಾಸ.

ಸ್ಕಾಟ್ಲೆಂಡಿನ ಗಡಿಯನ್ನು ಕಾಯುವ ಹೊಣೆಗೆ ಪ್ರತಿಯಾಗಿ ಈ ಸೀಮೆಯ ಒಕ್ಕಲುಗಳಿಗೆ ಭೂಮಿಯ ವಂಶಪಾರಂಪರ್ಯ ಹಕ್ಕು ದೊರೆತಿತ್ತು. 1603ರಲ್ಲಿ ಎರಡು ರಾಜ್ಯಗಳಿಗೂ ಒಬ್ಬನೇ ಅರಸನಾದಮೇಲೆ ಆ ಹಕ್ಕು ವಿವಾದಗ್ರಸ್ತವಾಗಿ, 1625ರಲ್ಲಿ ನ್ಯಾಯಾಲಯವು ರೈತರ ಪಕ್ಷದಲ್ಲಿ ತೀರ್ಪಿತ್ತಿತು. ಟೌನ್‌ಎಂಡ್ ಎದ್ದುದು 1626ರ ಸುಮಾರಿಗೆ. ತನ್ನ ನೆಲ ತನ್ನ ಮಕ್ಕಳಿಗೇ ಸಲ್ಲುವುದೆಂಬ ಭರವಸೆಯುಳ್ಳವನು ಮಾತ್ರ ಇಂತಹ ಕಲ್ಲುಗೋಡೆಗೆ ಕೈಹಾಕುವನೆಂದು ನನಗೆ ತೋರುತ್ತದೆ.

ಚಾವಣಿಗೆ ಸ್ಥಳೀಯ ಸ್ಲೇಟ್ ಹಲಗೆಗಳು: ಸೂರಿನ ಬಳಿ ದೊಡ್ಡವು, ಮೇಲೇರಿದಂತೆ ಚಿಕ್ಕವು. ಈ ಸೀಮೆಯ ಒರಟುಗಲ್ಲು ನೇರವಾದ ಮೂಲೆಗೆ ಸುಲಭವಾಗಿ ಒಗ್ಗದ ಕಾರಣ ಹೊಗೆಗೂಡುಗಳು ದುಂಡಗಾಗಿವೆ. ಈ ದುಂಡು ಹೊಗೆಗೂಡುಗಳನ್ನು ಕವಿ ವರ್ಡ್ಸ್‌ವರ್ತ್ ತನ್ನ ಸರೋವರ ಪ್ರಾಂತದ ಕೈಪಿಡಿಯಲ್ಲಿ ಪ್ರೀತಿಯಿಂದ ವರ್ಣಿಸಿದ್ದಾನೆ. ಒಳಗೆ ‘ಫೈರ್‌ಹೌಸ್’ ಎಂಬ ನಡುಮನೆ, ಅಡುಗೆಯೇ ಮೊದಲಾದ ಕೆಲಸಗಳಿಗೆ ‘ಡೌನ್‌ಹೌಸ್’. ರಸ್ತೆಯಾಚೆಯ ಇಳಿಜಾರಿಗೆ ಒರಗಿ ಕಟ್ಟಿದ ಕೊಟ್ಟಿಗೆಯಲ್ಲಿ ಕೆಳಗೆ ದನಗಳು, ಮೇಲೆ ಹುಲ್ಲು; ಪಕ್ಕದಲ್ಲಿ ಮರದ ತೆರೆದ ಮೊಗಸಾಲೆ.

ಆದರೆ ಈ ಮನೆಯೊಳಗೆ ಕಾಲಿಟ್ಟವರ ಮನಸ್ಸನ್ನು ಸೆರೆಹಿಡಿಯುವವನು 1834ರಿಂದ 1914ರವರೆಗೆ ಬದುಕಿದ್ದ, ಮನೆತನದಲ್ಲಿ ಜಾರ್ಜ್ ಎಂಬ ಹೆಸರು ಹೊತ್ತವರಲ್ಲಿ ಕೊನೆಯವನಾದ ಜಾರ್ಜ್ ಬ್ರೌನ್. ಪೂರ್ವಜರ ಕಾಗದಪತ್ರಗಳನ್ನು ಶ್ರದ್ಧೆಯಿಂದ ಕಾಯ್ದಿಟ್ಟ ಈ ಗೃಹಸ್ಥನು ಉಳಿಯನ್ನೂ ಅಷ್ಟೇ ಶ್ರದ್ಧೆಯಿಂದ ಹಿಡಿದನು. ಕುರ್ಚಿ, ಕಪಾಟು, ಮಂಚ, ಗೋಡೆಯ ಹಲಗೆ—ಓಕ್ ಮರವೆಂಬುದು ಎಲ್ಲಿ ಕಂಡರೂ ಅವನ ಕೈ ಅಲ್ಲಿ ಬಳ್ಳಿಗಳನ್ನೂ ಸುರುಳಿಗಳನ್ನೂ ಮೂಡಿಸದೆ ಬಿಡಲಿಲ್ಲ. ಪುರಾತನ ಪೀಠೋಪಕರಣಗಳ ಮೇಲೂ ಅವನು ಹಳೆಯ ಶೈಲಿಯಲ್ಲೇ ಕೆತ್ತಿದ್ದರಿಂದ ಅಜ್ಜಂದಿರ ಕೆಲಸವಾವುದು, ಮೊಮ್ಮಗನದಾವುದು ಎಂದು ವಿಂಗಡಿಸುವುದು ಸುಲಭವಲ್ಲ. ಶುದ್ಧಿವಾದಿಗಳು ಇದನ್ನು ಆಕ್ಷೇಪಿಸಬಹುದು. ನನಗಾದರೋ, ಹಳೆಯ ಮನೆಯನ್ನು ಹಳೆಯದೆಂದು ದೂರದಿಂದ ಪೂಜಿಸದೆ ತನ್ನ ದುಡಿಮೆಯನ್ನು ಅದರಲ್ಲಿ ಬೆರೆಸಿದ ಈತನೇ ಅದರ ನಿಜವಾದ ಉತ್ತರಾಧಿಕಾರಿ. ಇದಲ್ಲದೆ ಸಾವಿರಕ್ಕೂ ಮಿಕ್ಕಿದ ಗ್ರಂಥಗಳ ಭಂಡಾರವೊಂದು ಇಲ್ಲಿದ್ದು, ರೈತಕುಲದ ವಿದ್ಯಾಪ್ರೀತಿಗೆ ಸಾಕ್ಷಿಯಾಗಿದೆ.

1943ರಲ್ಲಿ ಮನೆತನದ ವಾಸ ಮುಗಿಯಿತು; 1948ರಿಂದ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಇದನ್ನು ಪಾಲಿಸುತ್ತಿದೆ. ಈ ಪಾಲನೆ ಸುಲಭದ್ದಲ್ಲ. ಸುಣ್ಣದ ಗಾರೆಯ ಗೋಡೆ ಹೀರಿದ ತೇವವನ್ನು ಮತ್ತೆ ಹೊರಬಿಡುತ್ತದೆ, ಸಿಮೆಂಟು ಅದನ್ನು ಒಳಗೇ ಬಂಧಿಸುತ್ತದೆ. ಇಂತಹ ಮನೆಗಳ ರಿಪೇರಿಗೆ ಸುಣ್ಣವರಿತ ಕುಶಲಿಗಳೇ ಬೇಕು, ಅವರ ಸಂಖ್ಯೆಯೋ ಹಿಂದಿನಂತಿಲ್ಲ. ವರ್ಡ್ಸ್‌ವರ್ತ್‌ನ ಮನೆಯನ್ನು ನೋಡಲೆಂದು ಗ್ರಾಸ್ಮಿಯರಿಗೆ ಹೋಗುವ ಕನ್ನಡಿಗರು, ಕೆಲವೇ ಮೈಲಿ ದೂರದ ಟ್ರೌಟ್‌ಬೆಕ್ಕಿಗೂ ಒಂದು ಮಧ್ಯಾಹ್ನವನ್ನು ಮೀಸಲಿಡಬೇಕೆಂದು ಕೋರುತ್ತೇನೆ. ಚಳಿಗಾಲದಲ್ಲಿ ಬಾಗಿಲು ಮುಚ್ಚಿರುವುದರಿಂದ ಬೇಸಗೆಯಲ್ಲಿ ಹೋಗುವುದು ಮೇಲು.