ನಿಮಗಿದು ಗೊತ್ತೇ? ಸಿರಿವಂತರ ಊರಿನ ಬಾಡಿಗೆ ಮನೆ

ಅಮೆರಿಕದ ಶ್ರೀಮಂತ ಉಪನಗರದಲ್ಲಿ ಎಲ್ಲರೂ ಸ್ವಂತ ಮನೆಯವರೇ ಎಂದುಕೊಂಡಿದ್ದೀರಾ? ಇಲಿನಾಯ್ ರಾಜ್ಯದ ನೇಪರ್‌ವಿಲ್ ನೋಡಿ. ಷಿಕಾಗೋದಿಂದ ಪಶ್ಚಿಮಕ್ಕೆ ಸುಮಾರು 45 ಕಿ.ಮೀ. ದೂರ, 2020ರ ಜನಗಣತಿಯಂತೆ 1,49,540 ಜನ. ಅಗಲವಾದ ಹುಲ್ಲುಹಾಸು, ಎರಡು ಕಾರು ನಿಲ್ಲುವ ಗ್ಯಾರೇಜು, ದೇಶದಲ್ಲೇ ಹೆಸರಾದ ಶಾಲೆಗಳು, ಎಲ್ಲವೂ ಇವೆ. ಆದರೂ ಈ ಊರಿನ ನಾಲ್ಕು ಮನೆಗಳಲ್ಲಿ ಹೆಚ್ಚುಕಡಿಮೆ ಒಂದು ಬಾಡಿಗೆಯದು. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಕೆಲಸಕ್ಕೆಂದು ಬಂದಿಳಿದ ಕನ್ನಡಿಗರಲ್ಲಿ ಹೆಚ್ಚಿನವರ ಮೊದಲ ವಿಳಾಸ ಇಂಥದೇ ಒಂದು ಅಪಾರ್ಟ್‌ಮೆಂಟ್ ಅಥವಾ ಟೌನ್‌ಹೋಮ್. ಅವರಿಗಾಗಿ, ಅವರ ಮನೆಗೆ ಬಂದುಹೋಗುವ ಅಪ್ಪ ಅಮ್ಮಂದಿರಿಗಾಗಿ ಈ ಸಲದ ಸಂಗತಿಗಳು.

ನಮ್ಮಲ್ಲಿ ಮನೆ ಮಾಲೀಕರು ಕೆಲಸ ಏನು, ಊರು ಯಾವುದು, ಸಸ್ಯಾಹಾರಿಗಳೇ ಎಂದು ಕೇಳುತ್ತಾರೆ. ಇಲ್ಲಿ ಲೀಸಿಂಗ್ ಆಫೀಸಿನವರು ಮೊದಲು ನೋಡುವುದು ಕ್ರೆಡಿಟ್ ಸ್ಕೋರನ್ನು. ಅದು 300ರಿಂದ 850ರವರೆಗಿನ ಒಂದು ಅಂಕಿ. ನಿನ್ನೆ ಬಂದಿಳಿದವರಿಗೆ ಅದು ಕಡಿಮೆ ಇರುತ್ತದೆ ಎಂದಲ್ಲ, ಇರುವುದೇ ಇಲ್ಲ. ಕಂಪನಿಯ ಆಫರ್ ಪತ್ರ, ಬ್ಯಾಂಕಿನ ಸ್ಟೇಟ್‌ಮೆಂಟ್, ತುಸು ಹೆಚ್ಚಿನ ಡಿಪಾಸಿಟ್, ಇಲ್ಲವೇ ಜೊತೆಗೆ ಸಹಿ ಹಾಕುವ ಒಬ್ಬರು, ಇವುಗಳಲ್ಲಿ ಒಂದರಿಂದ ಸಾಮಾನ್ಯವಾಗಿ ದಾರಿಯಾಗುತ್ತದೆ. ಬಾಡಿಗೆಯ ಮೂರು ಪಟ್ಟು ಆದಾಯ ಇರಬೇಕೆಂಬುದು ಹಲವು ಕಡೆಯ ರೂಢಿ. ಹೊರಡುವ ಮುನ್ನವೇ ಈ ಕಾಗದಗಳನ್ನು ಒಂದೆಡೆ ಜೋಡಿಸಿಟ್ಟುಕೊಂಡರೆ ಮೊದಲ ವಾರದ ಅರ್ಧ ಚಿಂತೆ ಕಳೆಯುತ್ತದೆ.

ಹತ್ತು ತಿಂಗಳ ಅಡ್ವಾನ್ಸ್ ಕಂಡ ಬೆಂಗಳೂರಿನವರಿಗೆ ಒಂದು ಸಮಾಧಾನ: ಇಲ್ಲಿ ಒಂದು ತಿಂಗಳ ಡಿಪಾಸಿಟ್ ಸಾಮಾನ್ಯ. ಆದರೆ ಇಲಿನಾಯ್ ರಾಜ್ಯದ ಕಾನೂನು ಅದಕ್ಕೊಂದು ಮೇಲ್ಮಿತಿ ಹಾಕಿಲ್ಲ. ಷಿಕಾಗೋ ಇರುವ ಕುಕ್ ಕೌಂಟಿಯ ಉಪನಗರಗಳಲ್ಲಿ ಮಾತ್ರ 2021ರ ಜೂನ್‌ನಿಂದ ಒಂದೂವರೆ ತಿಂಗಳ ಬಾಡಿಗೆ ಮೀರುವಂತಿಲ್ಲ ಎಂಬ ನಿಯಮ ಬಂದಿದೆ. ನೇಪರ್‌ವಿಲ್ ಇರುವುದು ಡುಪೇಜ್ ಮತ್ತು ವಿಲ್ ಕೌಂಟಿಗಳಲ್ಲಿ. ಆ ನಿಯಮ ಅಲ್ಲಿಗೆ ತಾಗದು. ಕೌಂಟಿಯ ಗಡಿ ದಾಟಿದರೆ ಬಾಡಿಗೆದಾರನ ಹಕ್ಕೂ ಬದಲಾಗುತ್ತದೆ. ಲೀಸಿಗೆ ಸಹಿ ಹಾಕುವ ಮೊದಲು ಮನೆ ಯಾವ ಕೌಂಟಿಯಲ್ಲಿದೆ ಎಂದು ಕೇಳಿ.

ಬಾಡಿಗೆಯನ್ನು ಎಷ್ಟು ಏರಿಸಬಹುದು? ಎಷ್ಟಾದರೂ. ಊರಾಡಳಿತಗಳು ಬಾಡಿಗೆ ನಿಯಂತ್ರಿಸುವಂತಿಲ್ಲ ಎಂದು ಇಲಿನಾಯ್ 1997ರಲ್ಲೇ ಕಾಯ್ದೆ ಮಾಡಿದೆ. ಲೀಸಿನ ಅವಧಿ ಮುಗಿಯುವವರೆಗೆ ಮಾತ್ರ ಒಪ್ಪಿದ ಬಾಡಿಗೆಗೆ ರಕ್ಷಣೆ.

ಅಪಾರ್ಟ್‌ಮೆಂಟ್ ಕಟ್ಟಡವನ್ನು ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮೆ ಪರೋಪಜೀವಿ ಎಂದು ಕರೆದಿತ್ತು ಎಂದರೆ ನಂಬುತ್ತೀರಾ? 1926ರ ಮಾತು. ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದ ಅಂಚಿನ ಯೂಕ್ಲಿಡ್ ಎಂಬ ಊರು ತನ್ನ ನೆಲವನ್ನು ವಲಯಗಳಾಗಿ ಹಂಚಿ, ಎಲ್ಲಿ ಏನು ಕಟ್ಟಬಹುದು ಎಂದು ನಿಗದಿ ಮಾಡಿತ್ತು. ಅಲ್ಲಿ 68 ಎಕರೆ ಹೊಂದಿದ್ದ ಆಂಬ್ಲರ್ ರಿಯಾಲ್ಟಿ ಕಂಪನಿ ಇದರ ವಿರುದ್ಧ ದಾವೆ ಹೂಡಿತು, ಸೋತಿತು. ತೀರ್ಪು ಬರೆದ ನ್ಯಾಯಮೂರ್ತಿ ಜಾರ್ಜ್ ಸದರ್ಲ್ಯಾಂಡ್ ಅವರ ವಾದ ಇಷ್ಟು: ಒಂಟಿ ಮನೆಗಳ ಬೀದಿಯಲ್ಲಿರುವ ಗಾಳಿ, ಬೆಳಕು, ಬಯಲಿನ ಸೊಗಸನ್ನು ಬಳಸಿಕೊಳ್ಳಲೆಂದೇ ಅಪಾರ್ಟ್‌ಮೆಂಟ್ ಬಂದು ಕೂರುತ್ತದೆ, ಕೊನೆಗೆ ಆ ಸೊಗಸನ್ನೇ ಕೆಡಿಸುತ್ತದೆ. ದೇಶದುದ್ದಕ್ಕೂ ಉಪನಗರಗಳು ತಮ್ಮ ಬಹುಪಾಲು ನೆಲವನ್ನು ಒಂಟಿ ಮನೆಗಳಿಗೆ ಮೀಸಲಿಡಲು ಈ ತೀರ್ಪು ಬಲ ಕೊಟ್ಟಿತು. ಇಂದಿಗೂ ಹಲವು ಉಪನಗರಗಳಲ್ಲಿ ಬಾಡಿಗೆ ಕಟ್ಟಡಗಳು ಹೆದ್ದಾರಿಯ ಪಕ್ಕದಲ್ಲೋ, ಮಾಲ್‌ಗಳ ಹಿಂದೆಯೋ, ರೈಲು ಹಳಿಯ ಬಳಿಯೋ ಗುಂಪಾಗಿ ನಿಂತಿರುವುದಕ್ಕೆ ಈ ವಲಯ ಹಂಚಿಕೆ ದೊಡ್ಡ ಕಾರಣ. ಮನೆಯಲ್ಲಿ ವಾಸಿಸುವವರನ್ನು ನೋಡದೆ ಗೋಡೆಯನ್ನಷ್ಟೇ ನೋಡಿ ಬರೆದ ಮಾತು ಅದು. ನೂರು ವರ್ಷವಾದರೂ ಅದರ ನೆರಳು ಸರಿದಿಲ್ಲ.

ಆದರೆ ಬಾಡಿಗೆದಾರರೇ ಕಟ್ಟಿ ಬೆಳೆಸಿದ ಉಪನಗರವೂ ಇದೆ. ಷಿಕಾಗೋದ ದಕ್ಷಿಣಕ್ಕಿರುವ ಪಾರ್ಕ್ ಫಾರೆಸ್ಟ್ ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರ ಕುಟುಂಬಗಳಿಗೆಂದು ಯೋಜಿಸಿದ ಊರು. 1948ರಲ್ಲಿ ಮೊದಲ ಕುಟುಂಬಗಳು ಬಂದಾಗ ಅಲ್ಲಿದ್ದವೆಲ್ಲ ಬಾಡಿಗೆ ಟೌನ್‌ಹೋಮ್‌ಗಳೇ. ಮುಂದೆ ಅವುಗಳ ಸಂಖ್ಯೆ ಸುಮಾರು 3,000ಕ್ಕೆ ಏರಿತು. ಊರಿನ ಆಡಳಿತ ನಡೆಸಿದವರು, ಶಾಲೆಗಾಗಿ ಓಡಾಡಿದವರು ಬಾಡಿಗೆ ಕಟ್ಟುತ್ತಿದ್ದ ಆ ಕುಟುಂಬಗಳವರೇ. ಲೇಖಕ ವಿಲಿಯಂ ವೈಟ್ ತಮ್ಮ 1956ರ ‘ದಿ ಆರ್ಗನೈಸೇಷನ್ ಮ್ಯಾನ್’ ಪುಸ್ತಕಕ್ಕೆ ಹತ್ತಿರದಿಂದ ಗಮನಿಸಿದ ಊರು ಇದೇ.

ಮಕ್ಕಳಿದ್ದಾರೆ ಎಂಬ ಕಾರಣಕ್ಕೆ ಬಾಡಿಗೆ ಮನೆ ನಿರಾಕರಿಸುವುದು ಅಮೆರಿಕದಲ್ಲಿ ಕಾನೂನುಬಾಹಿರ. 1968ರ ಫೇರ್ ಹೌಸಿಂಗ್ ಕಾಯ್ದೆಯಲ್ಲಿ ಜನಾಂಗ, ಮೈಬಣ್ಣ, ಧರ್ಮ, ಮೂಲದೇಶ ಇದ್ದವು. 1974ರಲ್ಲಿ ಲಿಂಗ ಸೇರಿತು. 1988ರಲ್ಲಿ ಅಂಗವೈಕಲ್ಯವೂ ಮಕ್ಕಳಿರುವ ಕುಟುಂಬವೂ ಸೇರಿದವು. ಹಿರಿಯರಿಗೆಂದೇ ಮೀಸಲಾದ ವಸತಿಗಳಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಒಂದು ಮಲಗುವ ಕೋಣೆಗೆ ಇಬ್ಬರು ಎಂಬ ಲೆಕ್ಕವನ್ನು ಲೀಸಿಂಗ್ ಆಫೀಸುಗಳು ಹೇಳುತ್ತವೆ. ಅದು ಸಾಮಾನ್ಯವಾಗಿ ಒಪ್ಪತಕ್ಕ ಅಳತೆ ಎಂದು ಕೇಂದ್ರದ ವಸತಿ ಇಲಾಖೆಯೂ ಹೇಳಿದೆ. ಆದರೆ ಕೋಣೆಯ ವಿಸ್ತಾರ, ಮಕ್ಕಳ ವಯಸ್ಸನ್ನೂ ಗಮನಿಸಬೇಕು ಎನ್ನುತ್ತದೆ ಅದೇ ಇಲಾಖೆ. ಹಾಗಾಗಿ ಕಂಕುಳಲ್ಲಿ ಹಸುಗೂಸು ಇದೆ ಎಂದು ಯಾರಾದರೂ ಮುಖ ತಿರುಗಿಸಿದರೆ ಸುಮ್ಮನೆ ಹಿಂದಿರುಗಬೇಡಿ, ಕಾರಣವನ್ನು ಬರಹದಲ್ಲಿ ಕೇಳಿ.

ಅಂದಹಾಗೆ, ಬಾಣಂತನಕ್ಕೆಂದು ಊರಿನಿಂದ ಅಮ್ಮ ಬಂದು ಆರು ತಿಂಗಳು ಇರುವವರಿದ್ದರೆ ಲೀಸಿನಲ್ಲಿ ಅತಿಥಿಗಳ ಕಲಮು ಓದಿ. ಎರಡು ವಾರ ಮೀರಿ ಉಳಿಯುವವರ ಹೆಸರನ್ನು ತಿಳಿಸಬೇಕು ಎಂದು ಅನೇಕ ಲೀಸುಗಳಲ್ಲಿ ಇರುತ್ತದೆ. ಮುಂಚೆಯೇ ಒಂದು ಇಮೇಲ್ ಹಾಕಿಬಿಟ್ಟರೆ ಸಾಕು.

ಆ 1968ರ ಫೇರ್ ಹೌಸಿಂಗ್ ಕಾಯ್ದೆ ಸುಮ್ಮನೆ ಬಂದದ್ದಲ್ಲ. ಷಿಕಾಗೋದ ಉತ್ತರದ ಡಿಯರ್‌ಫೀಲ್ಡ್‌ನಲ್ಲಿ 1959ರಲ್ಲಿ 51 ಮನೆಗಳ ಬಡಾವಣೆ ಏಳುತ್ತಿತ್ತು. ಅದರಲ್ಲಿ ಕೆಲವನ್ನು ಕಪ್ಪು ಕುಟುಂಬಗಳಿಗೆ ಮಾರುತ್ತಾರೆ ಎಂದು ತಿಳಿದದ್ದೇ ಊರು ಸಿಡಿದೆದ್ದಿತು. ಮತ ಹಾಕಿಸಿ, ಆ ನೆಲವನ್ನೇ ಸ್ವಾಧೀನಕ್ಕೆ ಪಡೆದು ಉದ್ಯಾನವನ ಮಾಡಿಕೊಂಡರು. ಮಕ್ಕಳು ಆಡುವ ಆ ಪಾರ್ಕುಗಳು ಇಂದಿಗೂ ಇವೆ. 1965ರ ಜುಲೈ 25ರಂದು ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿಂದ ದೂರವಲ್ಲದ, ಇನ್ನೂ ಸಿರಿವಂತ ಊರಾದ ವಿನೆಟ್ಕಾದ ಹಸಿರು ಮೈದಾನಕ್ಕೆ ಬಂದು, ಮನೆಯ ಬಾಗಿಲನ್ನು ಎಲ್ಲರಿಗೂ ತೆರೆಯಿರಿ ಎಂದು ಸಾವಿರಾರು ಜನರೆದುರು ಮಾತನಾಡಿದರು. 1968ರ ಏಪ್ರಿಲ್ 4ರಂದು ಅವರ ಹತ್ಯೆಯಾಯಿತು. ಏಪ್ರಿಲ್ 11ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಕಾಯ್ದೆಗೆ ಸಹಿ ಹಾಕಿದರು. ಇಂದು ಕಂದುಮೈಯ ನಮ್ಮವರು ಈ ಊರುಗಳಲ್ಲಿ ನೆಮ್ಮದಿಯಿಂದ ಮನೆ ಹುಡುಕುವಾಗ ನಿಂತಿರುವುದು ಆ ಹೋರಾಟ ಹಾಸಿಕೊಟ್ಟ ನೆಲದ ಮೇಲೆ. ಇದನ್ನು ನಮ್ಮ ಮಕ್ಕಳಿಗೆ ಹೇಳಲೇಬೇಕು ಎಂದು ನನಗನ್ನಿಸುತ್ತದೆ.

ಕಾಯ್ದೆ ಬಂದ ಮೇಲೂ ಬಾಗಿಲು ಪೂರ್ತಿ ತೆರೆಯಲಿಲ್ಲ. ಆರ್ಲಿಂಗ್‌ಟನ್ ಹೈಟ್ಸ್ ಎಂಬ ಉಪನಗರದಲ್ಲಿ ಒಂದು ಧಾರ್ಮಿಕ ಸಂಘ ತನ್ನ 15 ಎಕರೆಯಲ್ಲಿ ಕಡಿಮೆ ಆದಾಯದವರಿಗೆ 190 ಮನೆ ಕಟ್ಟಲು ಜಾಗ ಕೊಡಲು ಮುಂದಾಯಿತು. ಊರು ವಲಯ ಬದಲಿಸಲು ಒಪ್ಪಲಿಲ್ಲ. 1977ರಲ್ಲಿ ಸುಪ್ರೀಂ ಕೋರ್ಟ್ ಊರಿನ ಪರ ನಿಂತು, ಪರಿಣಾಮ ಅಸಮವಾಗಿದ್ದರೆ ಸಾಲದು, ಸಂವಿಧಾನ ಮುರಿಯಿತು ಎನ್ನಲು ಭೇದ ಮಾಡುವ ಉದ್ದೇಶವನ್ನೇ ತೋರಿಸಬೇಕು ಎಂದಿತು. ಉದ್ದೇಶವನ್ನು ಯಾರು ಕಾಗದದಲ್ಲಿ ಬರೆದಿಡುತ್ತಾರೆ?

ಸಿರಿವಂತ ಊರಿನಲ್ಲಿ ಬಾಡಿಗೆಗೆ ಇದ್ದರೆ ಮಕ್ಕಳ ಬದುಕು ಬದಲಾಗುತ್ತದೆಯೇ? ಇದಕ್ಕೆ ಷಿಕಾಗೋದಲ್ಲೇ ಒಂದು ಉತ್ತರ ಸಿಕ್ಕಿತು. ಡೊರೊಥಿ ಗೋಟ್ರೋ ಎಂಬ ಮಹಿಳೆಯೂ ಇತರ ಬಾಡಿಗೆದಾರರೂ ಸರ್ಕಾರಿ ವಸತಿಯಲ್ಲಿನ ವರ್ಣಭೇದದ ವಿರುದ್ಧ 1966ರಲ್ಲಿ ದಾವೆ ಹೂಡಿದರು. ಅದರ ಫಲವಾಗಿ 1976ರಿಂದ 1998ರವರೆಗೆ ನಡೆದ ಕಾರ್ಯಕ್ರಮದಲ್ಲಿ ಸುಮಾರು 7,100 ಕುಟುಂಬಗಳು ಬಾಡಿಗೆ ನೆರವು ಪಡೆದು ಬೇರೆ ಬಡಾವಣೆಗಳಿಗೆ ಹೋದವು. ಅರ್ಧಕ್ಕೂ ಹೆಚ್ಚಿನವು ಉಪನಗರಗಳಿಗೆ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜೇಮ್ಸ್ ರೋಸೆನ್‌ಬಾಮ್ ಕೆಲವು ಕುಟುಂಬಗಳ ಮಕ್ಕಳ ಬೆನ್ನುಹಿಡಿದು ನೋಡಿದರು. ಉಪನಗರಕ್ಕೆ ಹೋದ ಮಕ್ಕಳಲ್ಲಿ ಶೇ. 54 ಕಾಲೇಜು ಸೇರಿದ್ದರು. ನಗರದೊಳಗೇ ಉಳಿದವರಲ್ಲಿ ಶೇ. 21. ಅವರು ನೋಡಿದ ಮಕ್ಕಳ ಸಂಖ್ಯೆ ದೊಡ್ಡದಲ್ಲ ನಿಜ, ಆದರೂ ಇಷ್ಟು ಅಂತರವನ್ನು ಕಡೆಗಣಿಸಲಾಗದು. ಡೊರೊಥಿ ಗೋಟ್ರೋ ಇದನ್ನು ನೋಡಲು ಉಳಿಯಲಿಲ್ಲ, 1968ರಲ್ಲೇ ತೀರಿಕೊಂಡಿದ್ದರು.

ಸರ್ಕಾರಿ ಬಾಡಿಗೆ ನೆರವಿನ ಚೀಟಿ ತಂದವರನ್ನು ಅದೇ ಕಾರಣಕ್ಕೆ ಹಿಂದೆ ಕಳಿಸುವಂತಿಲ್ಲ ಎಂಬ ನಿಯಮ ಇಲಿನಾಯ್ ರಾಜ್ಯವಿಡೀ ಜಾರಿಗೆ ಬಂದದ್ದು 2023ರ ಜನವರಿ 1ರಂದು.

ಷಿಕಾಗೋದ ಉಪನಗರ ಓಕ್ ಪಾರ್ಕ್ ಎಂದರೆ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅವರ ಮನೆ, ಹೆಮಿಂಗ್ವೇ ಹುಟ್ಟಿದ ಊರು ಎಂದು ಪ್ರವಾಸಿಗರು ಹೋಗುತ್ತಾರೆ. ಬಾಡಿಗೆದಾರರ ಪಾಲಿಗೆ ಅದರ ಹಿರಿಮೆ ಬೇರೆಯದು. ಕಪ್ಪು ಕುಟುಂಬ ಬಂತೆಂದರೆ ಬಿಳಿಯರು ಮನೆ ಮಾರಿ ಓಡುತ್ತಿದ್ದ ಕಾಲದಲ್ಲಿ, 1972ರಲ್ಲಿ, ರಾಬರ್ಟಾ ರೇಮಂಡ್ ಅಲ್ಲೊಂದು ಹೌಸಿಂಗ್ ಸೆಂಟರ್ ತೆರೆದರು. ಮನೆ ಹುಡುಕುತ್ತ ಬಂದವರನ್ನು ಕೂರಿಸಿ, ಊರಿನ ಎಲ್ಲ ಮೂಲೆಗಳನ್ನೂ ಪರಿಚಯಿಸಿ, ಎಲ್ಲೂ ಒಂದೇ ಬಣ್ಣದವರ ಬೀದಿ ಆಗದಂತೆ ನೋಡಿಕೊಂಡರು. ಇಡೀ ಊರಿನ ಸ್ವಭಾವವನ್ನು ಬಾಡಿಗೆ ಮನೆಗಳ ಮೂಲಕವೇ ಕಾಪಾಡಬಹುದು ಎಂದು ತೋರಿಸಿಕೊಟ್ಟ ಆ ಕೆಲಸದ ಬಗ್ಗೆ ನನಗೆ ಬಹಳ ಗೌರವ.

ಬಾಡಿಗೆದಾರರು ಆಸ್ತಿ ತೆರಿಗೆ ಕಟ್ಟುವುದಿಲ್ಲ, ಆದರೂ ಅವರ ಮಕ್ಕಳು ಒಳ್ಳೆಯ ಶಾಲೆಗೆ ಹೋಗುತ್ತಾರೆ ಎಂಬ ಮಾತು ಈ ಊರುಗಳಲ್ಲಿ ಕಿವಿಗೆ ಬೀಳುತ್ತದೆ. ತಪ್ಪು ಮಾತು. ಇಲಿನಾಯ್‌ನ ಆಸ್ತಿ ತೆರಿಗೆ ದರ ದೇಶದಲ್ಲೇ ಅತಿ ಹೆಚ್ಚಿನವುಗಳಲ್ಲೊಂದು, ಆ ಬಿಲ್ಲಿನ ಅತಿ ದೊಡ್ಡ ಪಾಲು ಶಾಲೆಗಳಿಗೆ ಹೋಗುತ್ತದೆ, ಮಾಲೀಕ ಅದನ್ನು ಬಾಡಿಗೆಯಲ್ಲೇ ಸೇರಿಸಿರುತ್ತಾನೆ. ಪ್ರತಿ ತಿಂಗಳೂ ಕಟ್ಟುತ್ತಿದ್ದೀರಿ. ಶಾಲೆಯ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರುವ ಅಗತ್ಯವಿಲ್ಲ.

ಶಾಲೆಗಾಗಿಯೇ ನೇಪರ್‌ವಿಲ್‌ಗೆ ಬರುವವರು ಇದನ್ನು ಗಮನಿಸಿ: ಒಂದೇ ಊರು, ಆದರೆ ಶಾಲಾ ಜಿಲ್ಲೆಗಳು ಬೇರೆ ಬೇರೆ. ಹಳೆಯ ಭಾಗದ ಹೆಚ್ಚಿನದು 203ಕ್ಕೆ, ಪಶ್ಚಿಮ ಮತ್ತು ದಕ್ಷಿಣದ ಬಹುಭಾಗ 204ಕ್ಕೆ, ನೈಋತ್ಯದ ತುದಿ ಪ್ಲೇನ್‌ಫೀಲ್ಡ್‌ನ 202ಕ್ಕೆ. 204ರ ಎರಡು ಹೈಸ್ಕೂಲುಗಳು ಇರುವುದಂತೂ ಪಕ್ಕದ ಅರೋರಾದಲ್ಲಿ. ಅಂಚೆ ವಿಳಾಸದಲ್ಲಿ ನೇಪರ್‌ವಿಲ್ ಎಂದಿದ್ದ ಮಾತ್ರಕ್ಕೆ ಬಯಸಿದ ಶಾಲೆ ಸಿಗುತ್ತದೆ ಎನ್ನುವಂತಿಲ್ಲ. ಮನೆ ಸಂಖ್ಯೆಯನ್ನೇ ಶಾಲಾ ಜಿಲ್ಲೆಯವರಲ್ಲಿ ಕೊಟ್ಟು ಖಚಿತಪಡಿಸಿಕೊಳ್ಳಿ. ಸ್ನೇಹಿತರ ವಿಳಾಸ ತೋರಿಸಿ ಮಗುವನ್ನು ಸೇರಿಸುವ ಯೋಚನೆ ಬೇಡವೇ ಬೇಡ. ಇಲಿನಾಯ್‌ನಲ್ಲಿ ಅದು ಕ್ರಿಮಿನಲ್ ಅಪರಾಧ, ಜೊತೆಗೆ ಶಾಲೆಯ ಶುಲ್ಕವನ್ನೂ ವಸೂಲು ಮಾಡುತ್ತಾರೆ. ಇಲ್ಲಿನ ಶಾಲೆಗಳಿಗಾಗಿ ಜನ ಹಂಬಲಿಸುವುದಕ್ಕೆ ಕಾರಣವೂ ಇದೆ: 203ನೆಯ ಜಿಲ್ಲೆಯ ಎಂಟನೆಯ ತರಗತಿಯ ಮಕ್ಕಳು 1999ರ ಅಂತರರಾಷ್ಟ್ರೀಯ ಟಿಮ್ಸ್ ಪರೀಕ್ಷೆಯಲ್ಲಿ ವಿಜ್ಞಾನದಲ್ಲಿ ಮೊದಲ, ಗಣಿತದಲ್ಲಿ ಆರನೆಯ ಸ್ಥಾನ ಪಡೆದಿದ್ದರು.

ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ 10ಕ್ಕೆ ಊರಿಡೀ ಸುಂಟರಗಾಳಿ ಎಚ್ಚರಿಕೆಯ ಸೈರನ್ ಕೂಗಿದರೆ ಗಾಬರಿಯಾಗಬೇಡಿ, ಅದು ಪರೀಕ್ಷೆ. ಬೇರೆ ಹೊತ್ತಿನಲ್ಲಿ ಕೂಗಿದರೆ ತಡಮಾಡದೆ ನೆಲಮಾಳಿಗೆಗೆ ಇಳಿಯಿರಿ. ಅದಿಲ್ಲದಿದ್ದರೆ ಕೆಳಮಹಡಿಯ, ಕಿಟಕಿಯಿಲ್ಲದ ಒಳಕೋಣೆಗೆ. 2021ರ ಜೂನ್ 20ರ ರಾತ್ರಿ ನೇಪರ್‌ವಿಲ್, ವುಡ್‌ರಿಜ್ ಸುತ್ತ ಇಎಫ್-3 ತೀವ್ರತೆಯ ಸುಂಟರಗಾಳಿ ಮನೆಗಳನ್ನು ಕಿತ್ತೆಸೆದಿತ್ತು. ಮೂರನೆಯ ಮಹಡಿಯಲ್ಲಿ ಬಾಡಿಗೆಗಿರುವವರು ಎಲ್ಲಿಗೆ ಇಳಿಯಬೇಕು ಎಂದು ಮನೆ ನೋಡಲು ಹೋದ ದಿನವೇ ಕೇಳಬೇಕು.

ಒಗ್ಗರಣೆ ಹಾಕಿದಾಗ ಸ್ಮೋಕ್ ಅಲಾರ್ಮ್ ಅರಚುವುದು ಇಲ್ಲಿನ ಕನ್ನಡಿಗರಿಗೆಲ್ಲ ಗೊತ್ತು. ಅನೇಕ ಅಪಾರ್ಟ್‌ಮೆಂಟ್‌ಗಳಲ್ಲಿ ಒಲೆಯ ಮೇಲಿನ ಫ್ಯಾನು ಹೊಗೆಯನ್ನು ಹೊರಗೆ ಹಾಕುವುದಿಲ್ಲ, ಸೋಸಿ ಮತ್ತೆ ಒಳಕ್ಕೇ ಬಿಡುತ್ತದೆ. ಕಿಟಕಿ ತೆರೆಯಿರಿ, ಆದರೆ ಅಲಾರ್ಮಿನ ಬ್ಯಾಟರಿ ಕಿತ್ತಿಡಬೇಡಿ. ಮಲಗುವ ಕೋಣೆಯಿಂದ 15 ಅಡಿಯೊಳಗೆ ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಇರಬೇಕೆಂಬುದೂ 2007ರಿಂದ ಇಲಿನಾಯ್ ಕಾನೂನು. ಹಿಮ ಬಿದ್ದು ಕಿಟಕಿಯೆಲ್ಲ ಬಿಗಿದು ಫರ್ನೇಸ್ ಹಗಲಿರುಳು ಓಡುವ ತಿಂಗಳುಗಳಲ್ಲಿ ಜೀವ ಉಳಿಸುವುದು ಅದು. ಷಿಕಾಗೋದಲ್ಲಿ 2019ರ ಜನವರಿ 30ರಂದು ಚಳಿ ಮೈನಸ್ 31 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿದಿತ್ತು.

ಬಾಡಿಗೆ ತಡವಾದರೆ ಮಾಲೀಕ ಬೀಗ ಬದಲಿಸಬಹುದೇ? ಇಲ್ಲ. ಐದು ದಿನಗಳ ನೋಟಿಸ್ ಕೊಡಬೇಕು, ಆಮೇಲೆ ಕೋರ್ಟಿಗೆ ಹೋಗಬೇಕು, ತೀರ್ಪಿನ ನಂತರ ಶೆರಿಫ್ ಮಾತ್ರ ಹೊರಹಾಕಬಹುದು. ಕೆಲಸ ಹೋಗಿ ಲೀಸ್ ನಡುವೆಯೇ ಬಿಡಬೇಕಾಗಿ ಬಂದರೂ ಉಳಿದ ಅಷ್ಟೂ ತಿಂಗಳ ಬಾಡಿಗೆ ತಲೆಯ ಮೇಲೆ ಬಿದ್ದೇ ಬೀಳುತ್ತದೆ ಎಂದು ಹೆದರಬೇಡಿ. ಹೊಸ ಬಾಡಿಗೆದಾರರನ್ನು ಹುಡುಕಲು ಮಾಲೀಕ ಪ್ರಾಮಾಣಿಕವಾಗಿ ಪ್ರಯತ್ನಿಸಬೇಕು ಎಂದು ಕಾನೂನಿದೆ. ವೀಸಾದ ದಿನಗಳನ್ನು ಎಣಿಸುತ್ತ ಕಂಗಾಲಾದ ಕುಟುಂಬಗಳಿಗೆ ಈ ಒಂದು ಸಾಲು ತಿಳಿದಿದ್ದರೆ ಎಷ್ಟೋ ಧೈರ್ಯ.

ಲೈಬ್ರರಿ ಕಾರ್ಡಿಗೆ ಸ್ವಂತ ಮನೆ ಬೇಕಿಲ್ಲ, ವಿಳಾಸ ತೋರಿಸುವ ಲೀಸ್ ಸಾಕು. ನೇಪರ್‌ವಿಲ್‌ನಲ್ಲಿ ಮೂರು ಗ್ರಂಥಾಲಯಗಳಿವೆ. ಪಕ್ಕದ ಅರೋರಾದ ಬಾಲಾಜಿ ದೇವಸ್ಥಾನ, ಲೆಮಾಂಟ್‌ನ ರಾಮ ದೇವಸ್ಥಾನ ಎರಡೂ 1986ರಲ್ಲಿ ಬಾಗಿಲು ತೆರೆದವು. ಷಿಕಾಗೋ ಸುತ್ತಿನ ಕನ್ನಡಿಗರಿಗೆ ವಿದ್ಯಾರಣ್ಯ ಕನ್ನಡ ಕೂಟ ಇದೆ, ಅಮೆರಿಕದ ಕನ್ನಡ ಕೂಟಗಳ ಆಗರ ‘ಅಕ್ಕ’ದ 2008ರ ವಿಶ್ವ ಕನ್ನಡ ಸಮ್ಮೇಳನ ನಡೆದದ್ದೂ ಷಿಕಾಗೋದಲ್ಲೇ. ಹೊಸಬರಿಗೆ ಯಾವ ಕಾಂಪ್ಲೆಕ್ಸ್ ಒಳ್ಳೆಯದು ಎಂಬ ನಂಬಬಹುದಾದ ಸುದ್ದಿ ಸಿಗುವುದು ಇಂಥ ಕಡೆಗಳಲ್ಲೇ.

ಮನೆ ಬಿಡುವಾಗ ಡಿಪಾಸಿಟ್ ಹಿಂದೆ ಬರಲಿಲ್ಲವೇ? ಐದು ಅಥವಾ ಹೆಚ್ಚು ಮನೆಗಳಿರುವ ಕಟ್ಟಡವಾದರೆ, ಹಾನಿಗೆ ಹಣ ಹಿಡಿಯುವ ಮಾಲೀಕ 30 ದಿನಗಳೊಳಗೆ ಬಾಬತ್ತುವಾರು ಲೆಕ್ಕ ಕಳಿಸಬೇಕು. ಕಳಿಸದಿದ್ದರೆ 45 ದಿನಗಳೊಳಗೆ ಪೂರ್ತಿ ಹಣ ಕೊಡಬೇಕು. ದುರುದ್ದೇಶದಿಂದ ತಡೆದದ್ದು ಸಾಬೀತಾದರೆ ಎರಡು ಪಟ್ಟು ಹಣ, ವಕೀಲರ ಫೀಸು, ಕೋರ್ಟಿನ ಖರ್ಚು. ಗೋಡೆ, ಕಾರ್ಪೆಟ್, ಒಲೆ, ಬಚ್ಚಲು ಎಲ್ಲದರ ಫೋಟೋವನ್ನು ಸಾಮಾನು ಇಳಿಸುವ ಮೊದಲೇ ತೆಗೆದಿಟ್ಟುಕೊಳ್ಳಿ. ಬೀಗದ ಕೈ ಕೊಡುವ ದಿನ ನಿಮ್ಮ ಹೊಸ ವಿಳಾಸವನ್ನು ಬರೆದುಕೊಟ್ಟು, ತಲುಪಿತು ಎಂಬ ಸಹಿ ಪಡೆಯಿರಿ.