ಬರಿದಾದ ಕಡತದ ಅಧಿಕಾರ

ಒಂದಕ್ಷರವೂ ಇಲ್ಲದ ಕಡತವು ಒಂದು ಸಂಸಾರಕ್ಕೆ ಯಜಮಾನನಾಗಬಲ್ಲುದೆ? ನೆದರ್ಲೆಂಡ್ಸಿನ ಗೀಡೊ ವಾನ್ ರೋಸಮ್ ೧೯೯೧ರಲ್ಲಿ ಲೋಕಕ್ಕಿತ್ತ ‘ಪೈಥಾನ್’ ಎಂಬ ಗಣಕಭಾಷೆಯಲ್ಲಿ ಇದು ನಿತ್ಯದ ಸಂಗತಿ.

ಆ ಭಾಷೆಯ ಆದೇಶಗಳನ್ನು ಕಡತಗಳಲ್ಲಿ ಬರೆದು, ಕಡತಗಳನ್ನು ಕೋಶಗಳಲ್ಲಿ ವಿಂಗಡಿಸಿಡುತ್ತಾರೆ. ಕೋಶಕ್ಕೆ ‘ಪ್ಯಾಕೇಜ್’ ಎಂದು ಹೆಸರು. ಅದನ್ನು ಮೊದಲ ಬಾರಿ ಕರೆದೊಡನೆ ಎಲ್ಲಕ್ಕಿಂತ ಮುಂಚೆ ಎಚ್ಚರಗೊಳ್ಳುವುದು ‘ಇನಿಟ್’ ಎಂಬ ಕಡತ. ಒಳಗಿನ ಯಾವ ಹೆಸರುಗಳು ಹೊಸ್ತಿಲಿಗೆ ಬರಬೇಕೆಂಬುದನ್ನು ಅಲ್ಲಿ ಬರೆಯಬಹುದು, ಬರೆಯದೆಯೂ ಬಿಡಬಹುದು.

ಬರಿದಾಗಿದ್ದರೆ ಪ್ರಯೋಜನವೇನೆಂದು ವಾಚಕರು ಕೇಳಿಯಾರು. ಪೈಥಾನಿನ ಸ್ವಂತ ಭಂಡಾರದಲ್ಲಿ ‘ಸ್ಟ್ರಿಂಗ್’ ಎಂಬುದೊಂದಿದೆ. ಅದೇ ಹೆಸರಿನ ಕೋಶವೊಂದು ನಮ್ಮಲ್ಲಿ ಆಕಸ್ಮಿಕವಾಗಿ ಇದ್ದರೆ, ಹುಡುಕುವ ದಾರಿಯಲ್ಲಿ ಮೊದಲೇ ಎದುರಾಗಿ ಅಸಲಿಯನ್ನು ಮರೆಮಾಡೀತಲ್ಲವೆ? ‘ಇನಿಟ್’ ಇಲ್ಲದ ಕೋಶಕ್ಕೆ ಆ ಹಕ್ಕಿಲ್ಲ.

೨೦೧೨ರ ೩.೩ನೆಯ ಆವೃತ್ತಿಯಿಂದ ಈ ಗುರುತು ಕಡ್ಡಾಯವಲ್ಲ. ಆದರೆ ಹುಡುಕುವ ದಾರಿಯಲ್ಲಿರುವ, ಗುರುತಿಲ್ಲದ ಒಂದೇ ಹೆಸರಿನ ಕೋಶಗಳು ಸದ್ದಿಲ್ಲದೆ ಒಂದಾಗುತ್ತವೆ. ಹಂಚಿಕೊಂಡು ಕೆಲಸಮಾಡುವ ದೊಡ್ಡ ತಂಡಗಳಿಗೆ ಅದು ಅನುಕೂಲವೇ ಸರಿ. ಮನೆಯಲ್ಲಿ ಕಲಿಯುವ ಹುಡುಗನಿಗೋ, ತಾನು ಅಳಿಸಿದ ಕಡತವೇ ಎಲ್ಲಿಯೋ ಮರೆತ ಹಳೆಯ ಪ್ರತಿಯಿಂದ ಎದ್ದುಬಂದು ಲೆಕ್ಕವನ್ನೆಲ್ಲ ಕೆಡಿಸೀತು. ಅವನು ಆ ಬರಿಯ ಕಡತವನ್ನು ಇಟ್ಟುಕೊಳ್ಳುವುದೇ ಲೇಸೆಂದು ನನ್ನ ಮತ.